ಬೆರಳಿಗೆ ಸಿಗುವ ಬೀದಿ

ನಾಯಂಡಹಳ್ಳಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮೈಸೂರು ರಸ್ತೆಯ ಲಾರಿಗಳ ಸದ್ದು ಬಿಟ್ಟರೆ ಗೋದಾಮುಗಳ ಸಾಲು ಸುಮ್ಮನಿದೆ. ಶೀಟು ಹೊದಿಸಿದ ಮನೆಯ ಮುಂದೆ, ಬಲ್ಬಿನ ಕೆಳಗೆ ಮಣೆ ಹಾಕಿಕೊಂಡು ಕೂತಿರುವ ದೊಡ್ಡಹನುಮಯ್ಯ ಒಂದು ಹಲಗೆಗೆ ಅರ ಹಾಕುತ್ತಿದ್ದಾರೆ. ನುಣ್ಣಗಿರುವುದನ್ನು ಒರಟು ಮಾಡುವ ಕೆಲಸ ಅದು.

“ಜೀವಮಾನವೆಲ್ಲ ನುಣುಪು ಮಾಡಿದ ಕೈ ಮೇಡಂ. ಒರಟು ಮಾಡು ಅಂದ್ರೆ ಕೇಳ್ತಾ ಇಲ್ಲ,” ಎನ್ನುತ್ತಾರೆ, ತಲೆ ಎತ್ತದೆ.

ಹಲಗೆಯ ಮೇಲಿರುವುದು ಬಸವೇಶ್ವರನಗರದ ಒಂದು ಬೀದಿ. ಬಸ್ ನಿಲ್ದಾಣದಿಂದ ಒಂದು ಕಚೇರಿಯ ಮೆಟ್ಟಿಲಿನವರೆಗಿನ ದಾರಿ. ಅಂಗಡಿ, ಕಾಂಪೌಂಡು, ಚರಂಡಿ, ಎಡಕ್ಕೆ ತಿರುಗುವ ಅಡ್ಡರಸ್ತೆ, ಎಲ್ಲವೂ ಮರದಲ್ಲಿದೆ, ಮುಟ್ಟಿ ತಿಳಿಯುವುದಕ್ಕೆ. ಮಲ್ಲತ್ತಹಳ್ಳಿಯ ಅಂಧ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿರುವ ಕಲಾವತಿಗೆ ಆ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿದೆ. ಸೋಮವಾರ ಸೇರಬೇಕು. ಬಸ್ಸು ಹತ್ತಿಸುವವರು, ಇಳಿಸುವವರು ಇದ್ದಾರೆ. ಇಳಿದ ಮೇಲಿನ ದಾರಿಗೆ ಯಾರೂ ಇಲ್ಲ.

ಅವಳ ಅಣ್ಣ ರುದ್ರೇಶ ಕೊಪ್ಪಳದ ಕಡೆಯವನು, ಇದೇ ನಾಯಂಡಹಳ್ಳಿಯ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ. ಅವನದು ಒಂದೇ ಮಾತು. “ದಿನಾ ಕೆಲಸ ಬಿಟ್ಟು ಆಕೀನ ಕರಕೊಂಡು ಹೋಗಾಕ ಆಕ್ಕೈತೇನ್ರಿ? ಐತವಾರ ಒಬ್ಬಾಕಿನ ನಡದು ತೋರಿಸ್ಲಿ. ಇಲ್ಲಂದ್ರ ಊರಿಗೆ ಬಿಟ್ಟು ಬರ್ತೀನಿ. ಅಲ್ಲಿ ಅವ್ವ ಅದಾಳ.”

ಊರೆಂದರೆ ಏನು ಎಂದು ಕಲಾವತಿಯನ್ನು ಕೇಳಿದರೆ ಉತ್ತರ ಸಣ್ಣದು. “ಕಟ್ಟಿ ಮ್ಯಾಲೆ ಕುಂದರೂದು. ಯಾರರ ಬಂದು ಕೈ ಹಿಡದ್ರ ಏಳೂದು.”

ದೊಡ್ಡಹನುಮಯ್ಯ ಮಾಗಡಿ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದವರು. ರಾಜಾಜಿನಗರದ ಎರಕದ ಕಾರ್ಖಾನೆಯೊಂದರಲ್ಲಿ ಪ್ಯಾಟರ್ನ್ ಕೆಲಸ. ಕಬ್ಬಿಣ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಿ ಮರಳಿನಲ್ಲಿ ಅಚ್ಚು ತೆಗೆಯುತ್ತಾರೆ. ಆ ಮರದ ಆಕಾರ ಮಾಡುವುದು ಇವರ ಪಾಲು. ಅದು ಕನ್ನಡಿಯ ಹಾಗೆ ನುಣುಪಾಗಿರಬೇಕು. ಇಲ್ಲದಿದ್ದರೆ ಎತ್ತುವಾಗ ಮರಳು ಕಿತ್ತುಕೊಂಡು ಬರುತ್ತದೆ, ಅಚ್ಚು ಕೆಡುತ್ತದೆ. ಕಾರ್ಖಾನೆ ಮುಚ್ಚಿದ ಮೇಲೆ ರಾಜರಾಜೇಶ್ವರಿನಗರದ ಹೊಸ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಕಾವಲು. ಪಾಳಿ ಮುಗಿಸಿ ಬಂದು, ಪಕ್ಕದ ವೆಲ್ಡಿಂಗ್ ಶಾಪು ತೆರೆಯುವವರೆಗೆ ಉಳಿ ಹಿಡಿಯುತ್ತಾರೆ. ಆಮೇಲೆ ನಿದ್ದೆ, ಆ ಸದ್ದಿನಲ್ಲೇ.

“ಮಲಗಿ ಅಂದ್ರೆ ಮಲಗಲ್ಲ. ಕಣ್ಣು ಕೆಂಪಗಾಗಿರ್ತದೆ,” ಎಂದು ಕಾಫಿ ತಂದಿಡುತ್ತಾರೆ ಹೆಂಡತಿ ಪಟಾಲಮ್ಮ. “ಕಾಣದೆ ಇರೋರಿಗೆ ಮಾಡಿಕೊಡ್ತಾ ಮಾಡಿಕೊಡ್ತಾ ಇವರದೇ ಹೋಗ್ತದೆ.”

“ಹೋದ್ರೆ ಹಾಸ್ಟೆಲ್ನೋರು ಸೇರಿಸ್ಕೊಳಲ್ಲ ಕಣೇ. ಅದು ಹೆಣ್ಮಕ್ಕಳದ್ದು.”

ಹಾಸ್ಟೆಲಿನ ವಾರ್ಡನ್ ಅನಂತಲಕ್ಷ್ಮಿ ಅದೇ ಅಪಾರ್ಟ್‌ಮೆಂಟಿನ ನಿವಾಸಿ. ಬಿಡುವಿನಲ್ಲಿ ಬುಗುರಿ ಕೆತ್ತುತ್ತಿದ್ದ ಕಾವಲುಗಾರನನ್ನು ನೋಡಿ, ಹಾಸ್ಟೆಲಿನಲ್ಲಿ ಮುರಿದಿದ್ದ ಉಬ್ಬು ಭೂಪಟವೊಂದನ್ನು ರಿಪೇರಿಗೆ ಕೊಟ್ಟರು. ಭಾರತದ ಪಟ. ಸರಿಮಾಡಿ ತಂದಿಟ್ಟಾಗ ಒಬ್ಬ ಸಣ್ಣ ಹುಡುಗಿ ಹಿಮಾಲಯದಿಂದ ಕನ್ಯಾಕುಮಾರಿಯವರೆಗೆ ಕೈಯಾಡಿಸಿ, “ಇದ್ರಲ್ಲಿ ನಾನೆಲ್ಲಿದೀನಿ ಅಂಕಲ್?” ಎಂದಳು. ದೊಡ್ಡಹನುಮಯ್ಯ ಬೆಂಗಳೂರಿನ ಜಾಗ ತೋರಿಸಿದರು. ಅವಳಿಗೆ ಅದು ಸಾಕಾಗಲಿಲ್ಲ. “ಬೆಂಗಳೂರಲ್ಲಿ ಎಲ್ಲಿ? ಮಂಚ ಎಲ್ಲಿ?”

ಆ ವಾರ ಅವರು ಹಾಸ್ಟೆಲ್ ಕಟ್ಟಡವನ್ನೇ ಮಾಡಿದರು, ಮಂಚಗಳ ಸಮೇತ. ಆಮೇಲೆ ಹಾಸ್ಟೆಲಿನ ಬೀದಿ, ಕೆರೆ ಏರಿ, ಬಸ್ ನಿಲ್ದಾಣ. ಮರ ಅಪಾರ್ಟ್‌ಮೆಂಟಿನಲ್ಲಿ ಮನೆಗೆ ಮರಗೆಲಸ ಮಾಡಿಸುವವರು ಬಿಸಾಡಿದ ತುಂಡುಗಳದು.

ಕಲಾವತಿಯ ಬೀದಿಯನ್ನು ಮೊದಲ ಸಲ ಅವರು ಬಹಳ ಮುತುವರ್ಜಿಯಿಂದ ಮಾಡಿದ್ದರು. ಹೋಗಿ ನೋಡಿ, ಅಳೆದು, ಕೆತ್ತಿ, ಉಜ್ಜಿ, ವಾರ್ನಿಷ್ ಕೊಟ್ಟು ತಂದಿಟ್ಟರು. ಅವಳ ಬೆರಳು ಬಸ್ ನಿಲ್ದಾಣದಿಂದ ಹೊರಟು ಸರ್ರನೆ ಜಾರಿ ಹಲಗೆಯ ಆಚೆ ಹೋಯಿತು.

“ಎಲ್ಲಾ ಒಂದ ನಮೂನಿ ನುಣ್ಣಗೈತಲ್ರಿ ಕಾಕಾ. ಎಲ್ಲಿ ಡಾಂಬರು, ಎಲ್ಲಿ ಮಣ್ಣು?” ಎಂದು ಮತ್ತೆ ಹುಡುಕಿದಳು. ತಿರುವಿನಲ್ಲಿ ಏನೋ ಎತ್ತರಕ್ಕೆ ಸಿಕ್ಕಿತು. “ಇದೇನ್ರಿ?”

“ಅದಾ? ಜಾಹೀರಾತಿನ ಬೋರ್ಡು ಕಣಮ್ಮ. ಬಲೇ ದೊಡ್ಡದು. ಅದು ಕಂಡ ತಕ್ಷಣ ಎಡಕ್ಕೆ ತಿರುಗೋದು.”

ಕಲಾವತಿ ಬೆರಳನ್ನು ಅಲ್ಲೇ ಇಟ್ಟುಕೊಂಡು, “ಕಂಡ ಕೂಡ್ಲೇ ಹೇಳ್ತೀನಿ ಬಿಡ್ರಿ,” ಎಂದಳಂತೆ. ಹಾಸ್ಟೆಲಿನ ಹುಡುಗಿಯರೆಲ್ಲ ನಕ್ಕರು. ದೊಡ್ಡಹನುಮಯ್ಯ ಹಲಗೆಯನ್ನು ವಾಪಸ್ ತಂದರು.

ಮರುದಿನ ಅವರೇ ಅವಳ ಭುಜ ಹಿಡಿದು, ಕಣ್ಣು ಮುಚ್ಚಿಕೊಂಡು ಆ ಬೀದಿಯಲ್ಲಿ ನಡೆದರು. ಮುಂದೆ ಅವಳು, ಹಿಂದೆ ಇವರು. ಅಲುಗಾಡುವ ಚರಂಡಿ ಚಪ್ಪಡಿ, ಬೇಕರಿಯ ಬಿಸಿ, ತಿರುವಿನಲ್ಲಿ ಹಿಟ್ಟಿನ ಗಿರಣಿಯ ಗುಡುಗುಡು. “ಅಷ್ಟೊಂದು ಸಲ ಹೋಗಿ ನೋಡ್ದೆ. ಗಿರಣಿ ಇದೆ ಅಂತ ಗೊತ್ತಿತ್ತು. ಆದ್ರೆ ಗಿರಣಿಯೇ ತಿರುವು ಅಂತ ಗೊತ್ತಿರ್ಲಿಲ್ಲ,” ಎನ್ನುತ್ತಾರೆ. ಈಗ ಹಲಗೆಯಲ್ಲಿ ಬೋರ್ಡು ಇಲ್ಲ. ಡಾಂಬರಿಗೆ ಸೈಕಲ್ ಟ್ಯೂಬಿನ ತುಂಡು, ಮಣ್ಣಿಗೆ ಮರಳು, ಗಿರಣಿಯ ಜಾಗದಲ್ಲಿ ಒಂದು ದಪ್ಪ ಮೊಳೆ. ಈ ಬೆಳಿಗ್ಗೆ ಅರ ಬೀಳುತ್ತಿರುವುದು ಕಾಲುದಾರಿಗೆ.

ಭಾನುವಾರ ಬಸ್ ನಿಲ್ದಾಣದಲ್ಲಿ ಎಲ್ಲರೂ ಸೇರುತ್ತಾರೆ. ರುದ್ರೇಶ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾನೆ. ಕಲಾವತಿ ಮಡಚಿದ ಕೋಲು ಬಿಚ್ಚಿ ಹೊರಡುತ್ತಾಳೆ. ಚಪ್ಪಡಿ ದಾಟುತ್ತಾಳೆ, ಬೇಕರಿ ದಾಟುತ್ತಾಳೆ. ತಿರುವನ್ನೂ ದಾಟಿ ಮುಂದಕ್ಕೆ ಹೋಗಿಬಿಡುತ್ತಾಳೆ. ಭಾನುವಾರ ಗಿರಣಿಗೆ ರಜೆ. ಅದು ಯಾರಿಗೂ ಹೊಳೆದಿರಲಿಲ್ಲ.

ರುದ್ರೇಶ ಓಡಿಹೋಗಿ ಕೈ ಹಿಡಿಯುತ್ತಾನೆ. “ಸಾಕು ಬಾ. ನಾಳೆ ಕರೆಂಟ್ ಹೋದ್ರೂ ಗಿರಣಿ ನಿಂದರ್ತೈತಿ. ಆವಾಗೆಲ್ಲಿ ಹೋಕ್ಕೀ?” ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚು. ಅವನ ಮಾತು ತಪ್ಪೂ ಅಲ್ಲ.

ಕಲಾವತಿ ಕೈ ಬಿಡಿಸಿಕೊಂಡು ಹಿಂದಕ್ಕೆ ನಡೆಯುತ್ತಾಳೆ. ತಿರುವಿನಲ್ಲಿ ನಿಂತು ಚಪ್ಪಲಿ ಬಿಟ್ಟು ಅಡ್ಡರಸ್ತೆಯ ಕಡೆ ಒಂದು ಹೆಜ್ಜೆ ಇಡುತ್ತಾಳೆ. ಇನ್ನೊಂದು. “ಇಲ್ಲಿ ಇಳಿಜಾರು ಐತಿ. ಕಾಕಾ, ನಿಮ್ಮ ಹಲಗಿಯೊಳಗ ಇಲ್ಲಲ್ಲ?”

ದೊಡ್ಡಹನುಮಯ್ಯ ಬಗ್ಗಿ ರಸ್ತೆ ನೋಡುತ್ತಾರೆ. ನಿಂತವರಿಗೆ ಅದು ಸಮತಟ್ಟಾಗಿಯೇ ಕಾಣುತ್ತದೆ. “ನನ್ನ ಹಲಗೆ ಸಪಾಟು ಕಣಮ್ಮ,” ಎಂದು ಒಪ್ಪಿಕೊಳ್ಳುತ್ತಾರೆ. ರುದ್ರೇಶನ ಕಡೆ ತಿರುಗಿ, “ಸಂಜೆವರೆಗೂ ಟೈಮ್ ಕೊಡಪ್ಪ,” ಎನ್ನುತ್ತಾರೆ.

ಅಪಾರ್ಟ್‌ಮೆಂಟಿನ ಪಾಳಿಗೆ ಮುನ್ನ ಮಲಗಬೇಕಾದ ಮಧ್ಯಾಹ್ನ ಅದು. ಹಾಸ್ಟೆಲಿನ ಅಂಗಳದಲ್ಲಿ ಕೂತು ಹಲಗೆಯನ್ನು ತಿರುವಿನಲ್ಲಿ ಕೊಯ್ಯುತ್ತಾರೆ. ತುಂಡಾದ ಅಡ್ಡರಸ್ತೆಯ ತಿರುವಿನ ಅಂಚಿಗೆ ತೆಳುವಾದ ಬೆಣೆ ಕೊಟ್ಟು, ಕಚೇರಿಯ ಕಡೆಗೆ ಇಳಿಯುವಂತೆ ಮತ್ತೆ ಕೂರಿಸುತ್ತಾರೆ. ಕಲಾವತಿ ಪಕ್ಕದಲ್ಲೇ ಕೂತು, “ಇಷ್ಟಲ್ರಿ, ಇನ್ನಾ ಸ್ವಲ್ಪ ಕಡಿಮಿ,” ಎಂದು ಬೆರಳಿಟ್ಟು ಹೇಳುತ್ತಾಳೆ. ಬೆಣೆ ಎರಡು ಸಲ ಬದಲಾಗುತ್ತದೆ. ಸಂಜೆ ಮತ್ತೆ ಬಸವೇಶ್ವರನಗರ. ಗಿರಣಿ ಮುಚ್ಚಿಯೇ ಇದೆ. ತಿರುವಿನಲ್ಲಿ ಅವಳು ನಿಲ್ಲುತ್ತಾಳೆ, ಪಾದ ಒತ್ತಿ ನೋಡುತ್ತಾಳೆ, ಎಡಕ್ಕೆ ಇಳಿಯುತ್ತಾಳೆ. ಕಚೇರಿಯ ಮುಚ್ಚಿದ ಬಾಗಿಲನ್ನು ತಟ್ಟಿ, ಅಣ್ಣನನ್ನು ಕೂಗಿ ಕರೆಯುತ್ತಾಳೆ.

ರುದ್ರೇಶ ಹೊಗಳುವುದಿಲ್ಲ. “ನಾಳೆ ನಾ ಬರಂಗಿಲ್ಲ ನೋಡು,” ಎನ್ನುತ್ತಾನೆ. ಅದೇ ಒಪ್ಪಿಗೆ.

ಸೋಮವಾರ ದೊಡ್ಡಹನುಮಯ್ಯನವರ ಉಳಿ ಪೆಟ್ಟಿಗೆಯಲ್ಲೇ ಇದೆ. ವೆಲ್ಡಿಂಗ್ ಶಾಪು ತೆರೆದು ಬಹಳ ಹೊತ್ತಾದರೂ ಅವರು ಮಲಗಿಲ್ಲ. ಮೂಲೆಯ ಅಂಗಡಿಯ ನಾಣ್ಯದ ಫೋನಿನ ಹತ್ತಿರ ಹೋಗಿ ನಿಲ್ಲುತ್ತಾರೆ, ವಾಪಸ್ ಬರುತ್ತಾರೆ. “ಈಗಲೇ ಮಾಡಿದ್ರೆ ನಂಬಿಕೆ ಇಲ್ಲ ಅಂದ್ಕೋತಾಳೆ,” ಎನ್ನುತ್ತಾರೆ. ಕೊನೆಗೆ ಮಾಡುತ್ತಾರೆ. ಎಂಗೇಜ್. ಇನ್ನೊಮ್ಮೆ ಮಾಡಿದಾಗ ಎತ್ತಿದ ದನಿ ಪಕ್ಕದಲ್ಲಿ ನಿಂತವರಿಗೂ ಕೇಳಿಸುವಷ್ಟು ಸ್ಪಷ್ಟವಾಗಿದೆ.

“ನಮಸ್ಕಾರ. ಯಾರ ಹತ್ತಿರ ಮಾತಾಡಬೇಕಿತ್ತು ಸರ್?”

“ಯಾರ ಹತ್ತಿರಾನೂ ಅಲ್ಲಮ್ಮ. ನಾನು. ಬಂದು ಸೇರಿದ್ಯಾ?”

“ಬಂದೀನ್ರಿ ಕಾಕಾ. ಲೈನ್ ಹಿಡಕೊಂಡು ನಿಂದರಬ್ಯಾಡ್ರಿ, ಬ್ಯಾರೆ ಫೋನ್ ಬರಾಕತ್ತಾವ.”

ಫೋನು ಕಟ್ಟಾಗುತ್ತದೆ. ದೊಡ್ಡಹನುಮಯ್ಯ ರಿಸೀವರನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದು ಮೆಲ್ಲಗೆ ಇಡುತ್ತಾರೆ.

“ನನ್ನ ಲೈನೇ ಕಟ್ ಮಾಡಿದ್ಲು ನೋಡಿ,” ಎನ್ನುತ್ತಾರೆ ಅಂಗಡಿಯವನಿಗೆ. “ಡ್ಯೂಟಿ ಮೇಲಿದಾಳೆ.”