ಚಿನ್ನದ ಹಲ್ಲೋ, ಅದರ ಕೆಳಗಿನದೋ

ಬೆಳಿಗ್ಗೆ ಏಳು ಗಂಟೆ ಐದು ನಿಮಿಷ. ಎತ್ತರದ ಗಣಿ ಊರು ಒರೂರೊದ ಸಂತೆಬೀದಿಯ ದಂತ ಚಿಕಿತ್ಸಾಲಯದಲ್ಲಿ ಮೊದಲ ರೋಗಿ ಎಕ್ಸ್-ರೇ ಕುರ್ಚಿ ಏರಿದ್ದಾರೆ. ನೋಯುತ್ತಿರುವ ಹಲ್ಲು ಯಾವುದೆಂದು ಯಾರಿಗೂ ಖಚಿತವಿಲ್ಲ.

ರೋಗಿಯ ಹೆಸರು ತೊಮಾಸಾ, ಒಣ ಆಲೂಗಡ್ಡೆ ಮಾರುವವರು. ಅವರು ಬೆರಳಿಡುವುದು ಬಲಗಡೆ ಮೇಲಿನ, ಚಿನ್ನದ ಹೊದಿಕೆಯ ದವಡೆ ಹಲ್ಲಿನ ಮೇಲೆ. ನಿನ್ನೆ ತೆಗೆದ ಎಕ್ಸ್-ರೇ ಚಿತ್ರದಲ್ಲಿ ಅದರ ಬೇರು ನೆಟ್ಟಗಿದೆ. ಚಿನ್ನದ ಒಳಗೇನಿದೆಯೋ ಕಾಣದು, ಅಲ್ಲಿ ಬರೀ ಬಿಳಿ. ಒಳಗೇ ಹುಳುಕಿರಬೇಕೆಂದು ಇಂದು ಕೀಳಲು ಡಾಕ್ಟರ್ ಸೋರಿಯಾ ಬರೆದಿದ್ದಾರೆ.

"ಎಡಗಡೆ ಆಗ್ಲೇ ಖಾಲಿ. ಇದೂ ಹೋದ್ರೆ ಸಾಯೋವರೆಗೂ ಗಂಜಿ ಕುಡೀಬೇಕು" ಎನ್ನುತ್ತಾರೆ ತೊಮಾಸಾ.

ಕೀಳುವ ಮುನ್ನ ಇನ್ನೊಮ್ಮೆ ನೋಡೋಣವೆಂದು ಅವರನ್ನು ಕುರ್ಚಿಗೆ ಕರೆದವರು ಎಕ್ಸ್-ರೇ ತೆಗೆಯುವ ನಿಯೆವೆಸ್ ಕೊಲ್ಕೆ, ವಯಸ್ಸು ಐವತ್ತೊಂದು. ಗಣಿ ಆಸ್ಪತ್ರೆಯಲ್ಲಿ ಕಾರ್ಮಿಕರ ಎದೆಯ ಚಿತ್ರ ತೆಗೆಯುತ್ತಾ ಕೆಲಸ ಕಲಿತವರು. ಗಣಿ ಮುಚ್ಚಿದ ಮೇಲೆ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ದಿನಕ್ಕೆ ನಲವತ್ತು ಬಾಯಿ. ಚಳಿಗಾಲದಲ್ಲಿ ಫಿಲಂ ತೊಳೆಯುವ ದ್ರಾವಣವನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಬೇಕು. ಸಂಜೆಗೆ ಕಾಲು ಊದುತ್ತದೆ.

"ಟೋಪಿ, ಓಲೆ ತೆಗೀರಿ ಅಕ್ಕಾ."

"ಜಡೆನೂ ಬಿಚ್ಲಾ?"

"ಜಡೆ ಇರ್ಲಿ. ಕೆನ್ನೇಲಿರೋ ಕೋಕಾ ಎಲೆ ಉಗೀರಿ."

"ಅಯ್ಯೋ, ನೋವು ತಡೆಯೋದೇ ಅದು!"

"ಅದಕ್ಕೇ ಹೇಳ್ತಿರೋದು."

ಇಲ್ಲಿನವರು ನಸುಕಿನಲ್ಲೇ ಎಲೆಯ ಉಂಡೆಯನ್ನು ಕೆಳದವಡೆಯ ಪಕ್ಕ ಒತ್ತಿಟ್ಟುಕೊಳ್ಳುತ್ತಾರೆ. ಆ ಭಾಗ ಜೋಮು ಹಿಡಿಯುತ್ತದೆ. ಕೆಳಗಿನ ಹಲ್ಲಿನ ನೋವು ಮೇಲಿನದರಲ್ಲಿ ಕಾಣಿಸಿಕೊಳ್ಳುವುದೂ ಉಂಟು. ನಿನ್ನೆ ಉಂಡೆ ತೆಗೆಸಿದ್ದು ಫಿಲಂ ಇಡುವಾಗ ಮಾತ್ರ. ಇಂದು ಜೋಮು ಇಳಿಯಲೆಂದು ನಿಯೆವೆಸ್ ಅರ್ಧ ಗಂಟೆ ಕಾಯಿಸುತ್ತಾರೆ.

"ಈಗೆಲ್ಲಿ ನೋವು?"

"ಮೇಲೂ ಇದೆ, ಕೆಳಗೂ ಇದೆ. ನೀವೇ ಹೇಳಿ."

"ನಿಮ್ ಬಾಯಿ ಅಕ್ಕಾ, ನಂಗೇನ್ ಗೊತ್ತು?"

ಈ ಮಾತು ಕೇಳಿಸಿ ಡಾಕ್ಟರ್ ಬಾಗಿಲಲ್ಲಿ ಇಣುಕಿ ನಿಯೆವೆಸ್ ಅವರನ್ನು ಕೇಳುತ್ತಾರೆ. "ಹೊರಗೆ ಮೂವತ್ತು ಜನ ಕೂತಿದಾರೆ. ಕೆಳಗಿನ ಹಲ್ಲೇ ಅಂತ ಖಾತ್ರಿ ಇದ್ಯಾ ನಿಮ್ಗೆ?"

"ಇಲ್ಲ ಡಾಕ್ಟ್ರೇ. ನಂಗೂ ತಲೆ ಕೆಟ್ಟಿದೆ. ಕೀಳೋ ಮುಂಚೆ ಕೆಳಗಿನ್ ಹಲ್ಲಿಂದೂ ಒಂದು ಚಿತ್ರ ತೆಗೀತೀನಿ."

ಸೀಸದ ಹೊದಿಕೆ ಹೊದಿಸಿ ಫಿಲಂ ಇಡುತ್ತಿದ್ದಂತೆ ತೊಮಾಸಾ ಓಕರಿಸುತ್ತಾರೆ.

"ಮೂಗಲ್ಲಿ ಉಸಿರಾಡಿ. ಬಲಗಾಲು ಎತ್ತಿ, ಇಳಿಸ್ಬೇಡಿ."

ಬಾಯಿಂದ ಫಿಲಂ ಹೊರಬಂದ ಮೇಲೆ ತೊಮಾಸಾ ಕೇಳುತ್ತಾರೆ: "ಹಲ್ಲಿಗೂ ಕಾಲಿಗೂ ಏನ್ರೀ ಸಂಬಂಧ?"

"ಕಾಲಿನ್ ಯೋಚ್ನೇಲಿ ವಾಂತಿ ಮರ್ತ್ರಲ್ಲ, ಅಷ್ಟೇ."

ಒದ್ದೆ ಫಿಲಂ ಬೆಳಕಿಗೆ ಹಿಡಿದಾಗ, ಕೆಳಗಿನ ಹಲ್ಲಿನ ಬೇರಿನ ತುದಿಯಲ್ಲಿ ಬಟಾಣಿಯಷ್ಟು ಕಪ್ಪು ಮಚ್ಚೆ. ನಿಯೆವೆಸ್ ಎರಡು ಸಲ ತಿರುಗಿಸಿ ನೋಡಿ, ಡಾಕ್ಟರಿಗೆ ಕೊಡಲು ಎತ್ತಿಡುತ್ತಾರೆ. ಹಾಗಾದರೆ ಇದೇ ಹಲ್ಲಾ ಎಂದು ತೊಮಾಸಾ ಕೇಳುತ್ತಾರೆ.

"ನಾನು ಡಾಕ್ಟರಲ್ಲ. ಚಿತ್ರ ಸರಿಯಾಗಿ ತೆಗೆಯೋದಷ್ಟೇ ನನ್ ಕೆಲ್ಸ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತೀನಿ."

ಹನ್ನೊಂದು ಗಂಟೆಗೆ ಡಾಕ್ಟರ್ ಸೋರಿಯಾ ಕೆಳಗಿನ ಹಲ್ಲನ್ನು ಕೊರೆದು ಕೀವು ಹೊರಬಿಟ್ಟರು. ಮೇಲಿನ ನೋವು ನಿಂತಿತು. ಅಂದು ತೊಮಾಸಾರ ಯಾವ ಹಲ್ಲನ್ನೂ ಕೀಳಲಿಲ್ಲ.