ಬೆರಳಿಗೆ ಸಿಕ್ಕ ತಪ್ಪು

ನಿಧಾನಣ್ಣನಿಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಒಪ್ಪುತ್ತದೆ. ಬ್ರೈಲ್ ಮುದ್ರಣಾಲಯದಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ, ವಯಸ್ಸು ಐವತ್ತನಾಲ್ಕು. ಯಾರು ಎಷ್ಟೇ ಅವಸರ ಮಾಡಲಿ, ಅವನ ಬಾಯಲ್ಲಿ ಬರುವುದು ಒಂದೇ ಮಾತು: "ನಿಧಾನ, ನಿಧಾನ." ಇಂಥ ಮನುಷ್ಯ ಹದಿನೆಂಟು ವರ್ಷದ ಹಿಂದೆ ತಾನೇ ತಾನಾಗಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಒಂದು ಲೈಬ್ರರಿ ಬರೆದ. ಲೈಬ್ರರಿ ಎಂದರೆ ಪುಸ್ತಕದ ಕಪಾಟು ಎಂದುಕೊಳ್ಳಬೇಡಿ. ಅದು ಕಂಪ್ಯೂಟರಿನ ಪ್ರೋಗ್ರಾಮು. ಮಾಮೂಲಿ ಅಕ್ಷರಗಳನ್ನು ಬೆರಳಿನಿಂದ ಓದುವ ಚುಕ್ಕಿಗಳನ್ನಾಗಿ ಮಾಡಿ ಮುದ್ರಿಸುವ ಯಂತ್ರಕ್ಕೆ ಕಳಿಸುತ್ತದೆ. ಯಾರು ಬೇಕಾದರೂ ಪುಕ್ಕಟೆ ಬಳಸಲಿ, ಬೇಕಾದಂತೆ ತಿದ್ದಿಕೊಳ್ಳಲಿ ಎಂದು ಅದನ್ನು ಇಂಟರ್ನೆಟ್ಟಿನಲ್ಲಿ ಇಟ್ಟೂಬಿಟ್ಟ. ಎಲ್ಲೆಲ್ಲಿಯವರೋ ಇಳಿಸಿಕೊಂಡರು. ದೂರು ಹೇಳುವುದಿದ್ದರೆ ಮಾತ್ರ ತಪ್ಪದೆ ಕಾಗದ ಬರೆದರು.

ಹೊಸ ಪೈಥಾನ್ ಬಂದು ವರ್ಷಗಳೇ ಕಳೆದಿದ್ದವು. ಹಳೆಯದರಲ್ಲಿ ಬರೆದದ್ದು ಹೊಸದರಲ್ಲಿ ಹಾಗೇ ಓಡುವುದಿಲ್ಲ, ಸಾಲು ಸಾಲಾಗಿ ತಿದ್ದಬೇಕು. "ನೋಡೋಣ ಬಿಡಿ" ಎನ್ನುತ್ತ ಇವನು ದಿನ ದೂಡಿದ. ಹಳೇ ಕಂಪ್ಯೂಟರು ಕಾಯಬೇಕಲ್ಲ! ಒಂದು ಸೋಮವಾರ ಬೆಳಿಗ್ಗೆ ಗೊರಗೊರ ಎಂದು ಕಣ್ಣು ಮುಚ್ಚಿತು. ಹೊಸ ಕಂಪ್ಯೂಟರಿಗೆ ಹಳೇ ಪೈಥಾನ್ ಹಾಕಲು ಮೇಲಿನವರ ಒಪ್ಪಿಗೆ ಇರಲಿಲ್ಲ. ಕಣ್ಣು ಕಾಣದ ಒಂಬತ್ತು ಮಕ್ಕಳ ಗಣಿತದ ಪ್ರಶ್ನೆಪತ್ರಿಕೆ ಒಯ್ಯಲು ಶುಕ್ರವಾರ ಮೂರು ಗಂಟೆಗೆ ಗಾಡಿ ಬರುವುದಿತ್ತು.

"ಆಗ್ಲಿಲ್ಲ ಅಂದ್ರೆ ಏನ್ಮಾಡೋಕಾಗತ್ತೆ, ಯಾರಾದ್ರೂ ಓದಿ ಹೇಳ್ತಾರೆ ಬಿಡಿ" ಎಂದರು ಮ್ಯಾನೇಜರು.

ಆ ಮಾತಿಗೆ ಅಕ್ಕನ ಮುಖ ಸಣ್ಣದಾಯಿತು. ಅಕ್ಕ ಎಂದರೆ ನಿಧಾನಣ್ಣನ ಒಡಹುಟ್ಟಿದವಳು, ಹುಟ್ಟಿನಿಂದ ಕಣ್ಣು ಕಾಣದು. ಅಲ್ಲೇ ಪ್ರೂಫ್ ನೋಡುತ್ತಾಳೆ. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಅವಳಿಗೂ ಒಬ್ಬ ಮೇಷ್ಟ್ರು ಓದಿ ಹೇಳಿದ್ದರು. ಅದೇನು ಅವಸರವೋ, ಕೊನೆಯ ಲೆಕ್ಕವನ್ನೇ ನುಂಗಿಬಿಟ್ಟಿದ್ದರು. ಅಕ್ಕ ನಾಲ್ಕು ಅಂಕದಿಂದ ಫೇಲು. ಅಂಥದ್ದೊಂದು ಲೆಕ್ಕವಿತ್ತು ಎಂದು ಅವಳಿಗೆ ತಿಳಿದದ್ದೇ ಫಲಿತಾಂಶ ಬಂದ ಮೇಲೆ.

"ಓದಿ ಹೇಳೋದು ಗೀಳೋದು ಏನೂ ಬೇಡ" ಎಂದಳು ತಮ್ಮನಿಗೆ. "ಆ ಮಕ್ಕಳು ತಾವೇ ಓದ್ಕೋಬೇಕು. ಈ ವಾರ ನಿನ್ನ ನಿಧಾನಾನ ಮೂಟೆ ಕಟ್ಟಿಡು."

ಕಟ್ಟಿಟ್ಟ, ಪಾಪ. ಕೂತ ಕುರ್ಚಿ ಬಿಟ್ಟೇಳಲಿಲ್ಲ. ಹೊಸ ಪೈಥಾನ್ ಸಾಲು ಸಾಲಿಗೂ ತಗಾದೆ ತೆಗೆಯಿತು: ಇಲ್ಲಿ ಆವರಣ ಹಾಕಿಲ್ಲ, ಅಲ್ಲಿ ಆ ಹೆಸರು ಈಗ ಇಲ್ಲ. "ಇದೊಳ್ಳೆ ಪೀಡೆ ಗಂಟುಬಿತ್ತಲ್ಲ" ಎಂದು ಗೊಣಗುತ್ತ ಒಂದೊಂದನ್ನೇ ತಿದ್ದಿದ. ಗುರುವಾರ ಸಂಜೆಗೆ ತಗಾದೆ ನಿಂತಿತು. ತಪ್ಪು ಹಿಡಿಯಲೆಂದೇ ಅವನು ಬರೆದಿಟ್ಟಿದ್ದ ಇನ್ನೂರ ಹನ್ನೊಂದು ತಪಾಸಣೆಗಳೂ ಪಾಸು. ಶುಕ್ರವಾರ ಬೆಳಿಗ್ಗೆ ಮೊದಲ ಪ್ರತಿ ಮುದ್ರಿಸಿ, ಎದೆಯುಬ್ಬಿಸಿಕೊಂಡು ಅಕ್ಕನ ಮೇಜಿಗೆ ತಂದ.

ಅಕ್ಕ ಮೊದಲ ಸಾಲಿನ ಮೇಲೆ ಬೆರಳಾಡಿಸಿ ಕೈ ಹಿಂದಕ್ಕೆ ತೆಗೆದಳು. "ಇದೇನೋ ಕಲಸುಮೇಲೋಗರ! ಅರ್ಧ ಚುಕ್ಕಿ ಜಜ್ಜಿಹೋಗಿವೆ."

"ಪರದೆ ಮೇಲೆ ಸರಿಯಾಗೇ ಇದೆಯಲ್ಲಕ್ಕಾ!"

"ಪರದೆ ನೋಡೋಕೆ ಆ ಮಕ್ಕಳು ಬರ್ತಾರಾ?"

ನಿಧಾನಣ್ಣ ಗೋಡೆಯ ಗಡಿಯಾರ ನೋಡಿದ. ಗಂಟೆ ಹತ್ತೂವರೆ.

ಬ್ರೈಲ್ ಹಾಳೆಯ ಎರಡೂ ಬದಿಗೆ ಚುಕ್ಕಿ ಒತ್ತುವಾಗ ಹಿಂಬದಿಯವನ್ನು ಒಂಚೂರು ಪಕ್ಕಕ್ಕೆ ಸರಿಸಬೇಕು. ಇಲ್ಲದಿದ್ದರೆ ಈ ಬದಿಯ ಚುಕ್ಕಿಯನ್ನು ಆ ಬದಿಯದು ಅಮುಕಿಹಾಕುತ್ತದೆ. ಅಲ್ಲಿನ ಯಂತ್ರಕ್ಕೆ ತಾನಾಗಿ ಸರಿಸುವ ಬುದ್ಧಿಯಿಲ್ಲ. ಸಮಸಂಖ್ಯೆಯ ಪುಟ ಹಿಂಬದಿ, ಅದನ್ನು ಸರಿಸು ಎಂದು ಲೈಬ್ರರಿಯೇ ಹೇಳಬೇಕು. ಅಕ್ಕ ಹೆಬ್ಬೆರಳಿನ ಉಗುರಿನಿಂದ ಎರಡೂ ಬದಿಯ ಅಂಚನ್ನು ಅಳೆದಳು.

"ಎರಡಕ್ಕೂ ಹಿಂಬದಿ ಅಂಚನ್ನೇ ಬಿಟ್ಟಿದೆ ಕಣೋ. ಎಲ್ಲಾ ಪುಟಾನೂ ಹಿಂಬದಿ ಅಂದ್ಕೊಂಡಿದೆ ನಿನ್ನ ಲೈಬ್ರರಿ."

ಅಷ್ಟು ಸಾಕಾಯಿತು. ಓಡಿದ. ನಿಧಾನಣ್ಣ ಓಡಿದ್ದನ್ನು ಆ ಮುದ್ರಣಾಲಯ ಕಂಡದ್ದು ಅದೇ ಮೊದಲು. ಪುಟ ಸಮವೋ ಬೆಸವೋ ನೋಡುವ ಸಾಲನ್ನು ಹುಡುಕಿ ಹಿಡಿದ. ಸಂಖ್ಯೆಯನ್ನು ಎರಡರಿಂದ ಭಾಗಿಸಿ, ಮತ್ತೆ ಎರಡರಿಂದ ಗುಣಿಸು; ಮೊದಲಿನದೇ ಬಂದರೆ ಸಮ. ಹಳೇ ಪೈಥಾನ್ ಭಾಗಿಸುವಾಗ ಉಳಿದ ಅರ್ಧವನ್ನು ಎಸೆದುಬಿಡುತ್ತಿತ್ತು. ಏಳನ್ನು ಭಾಗಿಸಿದರೆ ಮೂರು, ಗುಣಿಸಿದರೆ ಆರು. ಏಳು ಬರಲಿಲ್ಲ, ಹಾಗಾಗಿ ಬೆಸ. ಹೊಸದು ಕಟ್ಟಾ ಪ್ರಾಮಾಣಿಕ. ಮೂರೂವರೆ ಎಂದು ಸರಿಯಾಗಿ ಹಿಡಿದು, ಗುಣಿಸಿ ಮತ್ತೆ ಏಳಕ್ಕೇ ತಂದು ನಿಲ್ಲಿಸಿತು. ಹೀಗೆ ಎಲ್ಲ ಪುಟವೂ ಸಮವಾಗಿ ಕೂತಿತ್ತು. ತಪಾಸಣೆಗಳೆಲ್ಲ ಅಕ್ಷರ ನೋಡುತ್ತಿದ್ದವೇ ಹೊರತು ಅಂಚನ್ನಲ್ಲ. ಆ ಸಾಲಿನ ಪಕ್ಕದಲ್ಲಿ ಅವನೇ ಹದಿನೆಂಟು ವರ್ಷದ ಹಿಂದೆ ಬರೆದುಕೊಂಡಿದ್ದ: "ಒಳ್ಳೇ ಉಪಾಯ!"

"ಉಪಾಯವಂತೆ ಉಪಾಯ!" ಎಂದು ತನಗೆ ತಾನೇ ಬೈದುಕೊಂಡು, ಭಾಗಾಕಾರದ ಓರೆಗೆರೆಯ ಪಕ್ಕ ಇನ್ನೊಂದು ಓರೆಗೆರೆ ಹಾಕಿದ. ಅರ್ಧವನ್ನು ಎಸೆ ಎಂದು ಹೊಸ ಪೈಥಾನ್‌ಗೆ ಹೇಳಲು ಅಷ್ಟೇ ಬೇಕಾಗಿದ್ದದ್ದು.

ಒಂದು ಗಂಟೆಗೆ ಹೊಸ ಪ್ರತಿ ಬಂತು. ಅಕ್ಕ ಓದಿದಳು. ಒಂದು ಪುಟ, ಎರಡು ಪುಟ, ಬೆರಳು ಎಲ್ಲೂ ಎಡವಲಿಲ್ಲ. ನಿಧಾನಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಷ್ಟರಲ್ಲಿ ಕೊನೆಯ ಪುಟದ ಕೊನೆಯ ಪ್ರಶ್ನೆಯ ಮೇಲೆ ಬೆರಳು ನಿಂತೇ ಬಿಟ್ಟಿತು.

"ಮತ್ತೇನಾಯ್ತಕ್ಕಾ?" ಅವನು ಮೇಜಿನ ಮೇಲೆ ಬಗ್ಗಿದ.

"ಸುಮ್ನಿರೋ. ಲೆಕ್ಕ ಮಾಡ್ತಿದೀನಿ."

ಆಯತದ ಉದ್ದ ಅಗಲದ ಎರಡರಷ್ಟು, ಸುತ್ತಳತೆ ಮೂವತ್ತಾರು, ವಿಸ್ತೀರ್ಣವೆಷ್ಟು? ಅಕ್ಕ ತುಟಿಯಲ್ಲೇ ಏನೋ ಎಣಿಸಿದಳು. ಸಾಲಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು.

"ಎಪ್ಪತ್ತೆರಡು."

ತಮ್ಮ ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ ನೋಡಿದ. ಎಪ್ಪತ್ತೆರಡೇ. "ಸರಿ ಇದೆ ಅಕ್ಕಾ" ಎಂದ.

"ಗೊತ್ತು" ಎಂದಳು ಅಕ್ಕ. "ಕೈಗೆ ಕೊಟ್ಟಿದ್ರೆ ಅವತ್ತೂ ಮಾಡ್ತಿದ್ದೆ. ಹೂಂ, ಉಳಿದ ಎಂಟು ಮುದ್ರಿಸು ಹೋಗು, ಗಾಡಿ ಬರೋ ಹೊತ್ತಾಯ್ತು."