ಬೈಲಹೊಂಗಲದಲ್ಲಿ ಇಳಿಯದ ಒತ್ತಡ

1998ರ ನವೆಂಬರ್‌ನಲ್ಲಿ ನಾನು ಹುಬ್ಬಳ್ಳಿಯ ಒಂದು ಉಪಕರಣ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸುತ್ತಮುತ್ತ ಯಾವ ಪ್ರಯೋಗಾಲಯದಲ್ಲಿ ಯಂತ್ರ ಕೆಟ್ಟರೂ ಚೀಲ ಹೊತ್ತು ಹೋಗಬೇಕಾದವನು ನಾನು. ಈ ಪ್ರಸಂಗವನ್ನು ಹೇಳುವಾಗಲೆಲ್ಲ, ದೋಷವನ್ನು ಒಂದೇ ನೋಟಕ್ಕೆ ಹಿಡಿದೆ ಎಂದೇ ಹೇಳುತ್ತ ಬಂದಿದ್ದೇನೆ. ಸುಳ್ಳು. ಐದು ತಾಸು ಹಿಡಿಯಿತು. ಹಿಡಿದವನೂ ನಾನಲ್ಲ.

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ ಹತ್ತಿಕಾಳಿನಿಂದ ಎಣ್ಣೆ ತೆಗೆಯುವ ಗಿರಣಿಯೊಂದಿತ್ತು. ಅಲ್ಲಿ ಹೆಕ್ಸೇನ್ ಎಂಬ ದ್ರಾವಕದಲ್ಲಿ ಕಾಳನ್ನು ತೊಳೆದು ಎಣ್ಣೆ ತೆಗೆಯುತ್ತಾರೆ. ಎಣ್ಣೆಯಲ್ಲಿ ಹೆಕ್ಸೇನ್ ಎಷ್ಟು ಉಳಿದಿದೆ ಎಂದು ಅಳೆಯುವುದು ಗ್ಯಾಸ್ ಕ್ರೊಮ್ಯಾಟೋಗ್ರಾಫ್. ಮಾದರಿಯ ಆವಿ ಅದರ ಬಾಯಿಯಿಂದ, ಅಂದರೆ ಇನ್ಲೆಟ್‌ನಿಂದ, ನೈಟ್ರೋಜನ್ ಜೊತೆ ಒಳಗೆ ಹೋಗುತ್ತದೆ. ಇನ್ಲೆಟ್‌ನ ಒತ್ತಡ ಹನ್ನೆರಡು ಪಿಎಸ್‌ಐ ಇರಬೇಕಿತ್ತು. ಮೂವತ್ನಾಲ್ಕು ತೋರಿಸುತ್ತಿತ್ತು. ಏನು ಮಾಡಿದರೂ ಇಳಿಯುತ್ತಿರಲಿಲ್ಲ.

ಒಳಗೆ ಕಾಲಿಡುತ್ತಿದ್ದಂತೆ ಮ್ಯಾನೇಜರ್ ತಡೆದರು. “ಮಷೀನ್ ಕೆಟ್ಟೈತೋ, ಮಷೀನ್ ಮುಂದ ಕುಂತಾಕಿ ಕೆಡಿಸ್ಯಾಳೋ, ಅಷ್ಟು ಬರದು ಕೊಟ್ಟು ಹೋಗ್ರಿ ಎಂಜಿನಿಯರ್ರ. ಆಕಿನ್ನ ವೇಬ್ರಿಜ್‌ಗೆ ಹಾಕ್ತೇನಿ, ಲಾರಿ ತೂಕಾ ಬರಕೋತ ಕುಂದರ್ಲಿ.”

ಆಕೆ ಅಂದರೆ ಕೆಮಿಸ್ಟ್ ಸುಜಾತಾ. ಮುನವಳ್ಳಿಯವರು, ಎಂ.ಎಸ್ಸಿ. ಮಾಡಿದವರು, ಕೆಲಸಕ್ಕೆ ಸೇರಿ ಏಳು ತಿಂಗಳು. ಮ್ಯಾನೇಜರ್ ಆಡಿದ್ದೆಲ್ಲ ಬಾಗಿಲ ಆಚೆಯಿಂದ ಅವರಿಗೆ ಕೇಳಿಸಿತ್ತು.

ಕೆಲಸ ಶುರುಮಾಡಿದೆ. ಇನ್ಲೆಟ್‌ನ ರಬ್ಬರ್ ಬಿಲ್ಲೆ ಬದಲಾಯಿಸಿದೆ. ಒಳಗಿನ ಗಾಜಿನ ಕೊಳವೆ ಬದಲಾಯಿಸಿದೆ. ಆವಿ ಹಾದುಹೋಗುವ ಸಪೂರ ಸುರುಳಿ ಕೊಳವೆಯ, ಅಂದರೆ ಕಾಲಮ್‌ನ, ತುದಿ ಕತ್ತರಿಸಿ ಮತ್ತೆ ಜೋಡಿಸಿದೆ. ಒಂದೊಂದು ಸಲವೂ ಯಂತ್ರ ಆರಬೇಕು, ಬಿಚ್ಚಬೇಕು, ಕೂಡಿಸಬೇಕು, ಮತ್ತೆ ಕಾಯಿಸಬೇಕು. ನಡುವೆ ಎರಡು ಸಲ ಕರೆಂಟ್ ಹೋಯಿತು. ಮುಚ್ಚಳ ಬಿಚ್ಚಿದರೆ ಸೊನ್ನೆ, ಮುಚ್ಚಿದರೆ ಮೂವತ್ನಾಲ್ಕು. ಯಂತ್ರಕ್ಕೆ ಬೈದೆ, ಕಂಪನಿಗೆ ಬೈದೆ, ಮನಸ್ಸಿನಲ್ಲೇ ಸುಜಾತಾರಿಗೂ ಬೈದೆ. ಹಿಂಬದಿಯನ್ನು ಮಾತ್ರ ನೋಡಲಿಲ್ಲ. ಯಂತ್ರ ಗೋಡೆಗೆ ಒತ್ತಿಕೊಂಡಿತ್ತು, ಅಲ್ಲಿ ಯಾರು ಕೈ ಹಾಕುತ್ತಾರೆ?

ಮೂರೂವರೆಗೆ ಫಿಟ್ಟರ್ ಮಡಿವಾಳಪ್ಪ ಬಂದರು. ಕೈಯಲ್ಲಿ ಸಬಕಾರದ ನೀರಿನ ಡಬ್ಬಿ, ಅದರಲ್ಲಿ ಬ್ರಷ್. ಹೆಕ್ಸೇನ್ ಗಿರಣಿಯಲ್ಲಿ ಸೋರಿಕೆ ಅಂದರೆ ಬೆಂಕಿ. ಅದಕ್ಕೇ ಪಾಳಿಗೊಮ್ಮೆ ಒಬ್ಬರು ಪ್ರತಿ ಜೋಡಣೆಗೂ ಸಬಕಾರದ ನೀರು ಸವರಿ, ಗುಳ್ಳೆ ಎದ್ದಲ್ಲಿ ಮುಚ್ಚಿ ಹೋಗುವುದು ಅಲ್ಲಿಯ ಶಿಸ್ತು. ಅವರು ಯಂತ್ರದ ಹಿಂದೆ ಕೈ ತೂರಿಸಿ ಬ್ರಷ್ ಆಡಿಸಿ ನಕ್ಕರು. “ನೋಡ್ರಿ ಸಾಹೇಬ್ರ, ಹ್ವಾದ ವಾರ ನಾ ಹಚ್ಚಿದ್ದು ಕಲ್ಲಾಗೇತಿ. ಒಂದ್ ಗುಳ್ಳಿ ಇಲ್ಲ.”

ಯಂತ್ರ ಎಳೆದು ನೋಡಿದೆ. ಸ್ಪ್ಲಿಟ್ ವೆಂಟ್, ಅಂದರೆ ಹೆಚ್ಚಾದ ಗ್ಯಾಸ್ ಹೊರಗೆ ಹೋಗುವ ನಳಿಕೆ. ಅದರ ಬಾಯಿಗೆ ನಲ್ಲಿ ಸೋರಿದರೆ ಹಚ್ಚುವ ಬೂದು ಎಪಾಕ್ಸಿಯನ್ನು ಬೆರಳಿನಿಂದ ನುಣ್ಣಗೆ ತೀಡಿ ಹಚ್ಚಿದ್ದರು. ಎಷ್ಟು ಚಂದದ ಕೆಲಸವೆಂದರೆ ಸಿಟ್ಟು ಇಮ್ಮಡಿಯಾಯಿತು. ತುದಿಯನ್ನು ಕತ್ತರಿಸಿದೆ. ಬುಸ್ ಎಂದು ಗ್ಯಾಸ್ ಹೊರಟಿತು. ಮುಳ್ಳು ಹನ್ನೆರಡಕ್ಕೆ ಬಂದು ನಿಂತಿತು.

ಸರ್ವಿಸ್ ರಿಪೋರ್ಟ್ ತುಂಬಿದೆ. ‘ಕಾರಣ’ ಎಂಬಲ್ಲಿ ನಮ್ಮ ಕಂಪನಿಯ ರೂಢಿಯಂತೆ ‘ಆಪರೇಟರ್ ಎರರ್’ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿಗೆ ಕೊಟ್ಟೆ. ಸುಜಾತಾ ಓದಿ ಕೆಳಗಿಟ್ಟರು.

“ಆಪರೇಟರ್ ಅಂದ್ರ ಯಾರ್ರಿ ಸರ್? ಈ ಖೋಲ್ಯಾಗ ನಾ ಒಬ್ಬಾಕಿನ ಅದೇನಿ.”

“ಅದು ಬರೇ ಪದ್ಧತಿ ಮೇಡಂ. ಎಲ್ಲಾ ಕಡೆ ಹಂಗ ಬರೀತೇವಿ.”

“ಎಲ್ಲಾ ಕಡೆ ಬರೀರಿ. ಇಲ್ಲಿ ಬರದ್ರ ನಾಳೆ ನಾ ವೇಬ್ರಿಜ್‌ನ್ಯಾಗ ಇರತೇನಿ. ಸಹಿ ಮಾಡಂಗಿಲ್ಲ.”

ಮಡಿವಾಳಪ್ಪ ನಡುವೆ ಬಂದರು. “ನನ್ನ ಹೆಸರ ಬರೀರಿ ಸಾಹೇಬ್ರ, ಹಚ್ಚಿದಾಂವ ನಾನ.”

“ಕಾಕಾ, ನೀವು ಸುಮ್ಮಕಿರ್ರಿ. ಹೇಳಿದವರು ಬ್ಯಾರೆ ಅದಾರ,” ಎಂದು ಸುಜಾತಾ ಲಾಗ್‌ಬುಕ್ ತೆಗೆದು ನನ್ನ ಮುಂದೆ ಇಟ್ಟರು. ಆಗಸ್ಟಿನಲ್ಲಿ ಒತ್ತಡ ಕಡಿಮೆಯಾಗಿ ನಾನೇ ಬಂದಿದ್ದ ದಿನದ ಪುಟ. ಅವರ ಅಕ್ಷರದಲ್ಲಿ: ‘ಎಂಜಿನಿಯರ್ ಹೇಳಿದ್ದು: ಸಬಕಾರದ ನೀರು ಹಚ್ಚಿ ನೋಡ್ರಿ, ಗ್ಯಾಸ್ ಎಲ್ಲಿ ಸೋರಿದ್ರೂ ಬಂದ್ ಮಾಡ್ರಿ.’

ಹಾಗೆ ಹೇಳಿದ ನೆನಪು ನನಗೆ ಇರಲಿಲ್ಲ. ಇವತ್ತಿಗೂ ಇಲ್ಲ. ಆದರೆ ಮಾತಿನ ಧಾಟಿ ನನ್ನದೇ. ‘ಎಲ್ಲಿ ಸೋರಿದರೂ’ ಎಂದಿದ್ದೆ. ಬೇಕೆಂದೇ ಸೋರಲು ಬಿಟ್ಟ ಒಂದು ಜಾಗವಿದೆ ಎಂದು ಹೇಳಿರಲಿಲ್ಲ.

ಹೊಸ ಹಾಳೆ ತೆಗೆದೆ. ಬರೆಯುವಷ್ಟರಲ್ಲಿ ಅವರು ಮತ್ತೆ ತಡೆದರು. “ಕನ್ನಡದಾಗ ಬರೀರಿ. ಮ್ಯಾನೇಜರ್‌ಗೂ ತಿಳೀಲಿ, ಕಾಕಾಗೂ ತಿಳೀಲಿ.”

ಹನ್ನೊಂದು ವರ್ಷದ ನೌಕರಿಯಲ್ಲಿ ನಾನು ಕನ್ನಡದಲ್ಲಿ ರಿಪೋರ್ಟ್ ಬರೆದಿರಲಿಲ್ಲ. ಇಂಗ್ಲಿಷಿನಲ್ಲಿ ತಪ್ಪುಗಳು ಯಾರವೂ ಅಲ್ಲದಂತೆ ಬರೆಯುವುದು ಸುಲಭ. ಕನ್ನಡದಲ್ಲಿ, ಓದಲು ಕಾದವರ ಎದುರು ಕೂತು ಬರೆಯುವಾಗ, ವಾಕ್ಯಕ್ಕೆ ಒಬ್ಬ ಮನುಷ್ಯ ಬೇಕಾಗುತ್ತಾನೆ. ಈ ವೃತ್ತಿ ನನಗೆ ಕಲಿಸಿದ್ದರಲ್ಲಿ ಇವತ್ತಿಗೂ ಉಳಿದಿರುವುದು ಅದೊಂದೇ. ಬರೆದೆ: ‘ಈ ನಳಿಕೆಯಿಂದ ಗ್ಯಾಸ್ ಹೊರಗೆ ಹೋಗಲೇಬೇಕು. ಇದನ್ನು ನಾನು ಹೇಳಿರಲಿಲ್ಲ.’

ಸುಜಾತಾ ಎರಡು ಸಲ ಓದಿದರು. ಆಮೇಲೆ ಪೆನ್ನಿಗೆ ಕೈ ಚಾಚಿದರು.